ತನ್ನ ಹಣಕ್ಕೆ ತಾನೇ ಬಡ್ಡಿ ತೆರುವವನು

ಸಾಲ ಕೊಟ್ಟವನಿಗೆ ಸಂಸ್ಕೃತದಲ್ಲಿ ಉತ್ತಮರ್ಣನೆಂದೂ ಸಾಲ ಪಡೆದವನಿಗೆ ಅಧಮರ್ಣನೆಂದೂ ಹೆಸರು. ಋಣದ ವಿಷಯದಲ್ಲಿ ಒಬ್ಬನು ಮೇಲೆ, ಇನ್ನೊಬ್ಬನು ಕೆಳಗೆ ಎಂಬ ಭಾವ ಆ ಶಬ್ದಗಳಲ್ಲೇ ಅಡಗಿದೆ. ಈ ವಿಭಾಗಕ್ಕೆ ಆಧಾರವಾದ ಒಂದು ಸಂಗತಿಯನ್ನು ಮಾತ್ರ ಧರ್ಮಶಾಸ್ತ್ರಕಾರರು ಬಿಡಿಸಿ ಹೇಳುವ ಅಗತ್ಯವನ್ನೇ ಕಾಣಲಿಲ್ಲ. ಸಾಲವಾಗಿ ಕೈಸೇರಿದ ಹಣ ಪರರದು ಎಂಬುದೇ ಆ ಸಂಗತಿ. ಪರರ ದ್ರವ್ಯವನ್ನು ಕೆಲಕಾಲ ಬಳಸಿಕೊಂಡುದಕ್ಕೆ ಪ್ರತಿಯಾಗಿ ವೃದ್ಧಿ, ಅಂದರೆ ಬಡ್ಡಿ. ಹಾಗಾದರೆ ಒಬ್ಬನು ತನಗೆ ನ್ಯಾಯವಾಗಿ ಬರಬೇಕಾದ ಹಣವನ್ನೇ ಹತ್ತು ದಿನ ಮುಂಚಿತವಾಗಿ ಇನ್ನೊಬ್ಬನ ಕೈಯಿಂದ ಪಡೆದು ಅದಕ್ಕೆ ಬಡ್ಡಿ ತೆತ್ತರೆ, ಅಲ್ಲಿ ಉತ್ತಮರ್ಣನು ಯಾರು, ಅಧಮರ್ಣನು ಯಾರು? ಅವನು ಒಪ್ಪಿಯೇ ಸಹಿ ಹಾಕಿದ್ದಾನೆ ಎಂದ ಮಾತ್ರಕ್ಕೆ ಆ ವ್ಯವಹಾರ ಧರ್ಮ್ಯವಾಗುವುದೇ?

ಇದು ತರ್ಕವಿನೋದಕ್ಕಾಗಿ ಹೂಡಿದ ಪ್ರಶ್ನೆಯಲ್ಲ. ಅಮೆರಿಕಾ ದೇಶದಲ್ಲಿ ಇಂಥ ವ್ಯವಹಾರ ಸುಮಾರು ಕಾಲು ಶತಮಾನದ ಕಾಲ ರಾಜಾರೋಷವಾಗಿ ನಡೆಯಿತು. 2002ನೆಯ ಒಂದೇ ವರ್ಷದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಈ ಬಗೆಯ ಸಾಲ ಪಡೆದರು. ಅದರ ಹೆಸರು ‘ರಿಫಂಡ್ ಆಂಟಿಸಿಪೇಷನ್ ಲೋನ್’. ನಿರೀಕ್ಷಿತ ತೆರಿಗೆ ಮರುಪಾವತಿಯ ಮೇಲಿನ ಸಾಲ ಎಂದರ್ಥ. ಇಂದು ನಮ್ಮ ವಾಚಕರ ಮನೆಗಳಲ್ಲಿ ಮಗನೋ ಮಗಳೋ ಮೊಮ್ಮಕ್ಕಳೋ ಆ ದೇಶದಲ್ಲಿ ದುಡಿಯುತ್ತಿರುವುದು ಅಪರೂಪವಲ್ಲ. ಅವರೂ ವರ್ಷವರ್ಷ ಅಲ್ಲಿಯ ತೆರಿಗೆಯ ರಿಟರ್ನ್ ಸಲ್ಲಿಸುವವರೇ. ಆದುದರಿಂದ ಈ ವಿಷಯ ನಮಗೆ ತೀರ ಹೊರಗಿನದೆಂದು ಹೇಳಲಾಗದು. ಒಂದು ದೇಶದ ಲೇವಾದೇವಿಯ ಪದ್ಧತಿಯಾದರೂ ಇದರೊಳಗಿರುವ ಧರ್ಮಪ್ರಶ್ನೆ ಎಲ್ಲ ದೇಶಗಳಿಗೂ ಸೇರಿದ್ದು.

ಮೊದಲು ವ್ಯವಹಾರದ ಸ್ವರೂಪವನ್ನು ತಿಳಿಯೋಣ. ನಮ್ಮಲ್ಲಿರುವಂತೆ ಅಲ್ಲಿಯೂ ಸಂಬಳದಿಂದ ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತಾರೆ. ಅಲ್ಲಿಯ ತೆರಿಗೆಯ ವರ್ಷ ಜನವರಿಯಿಂದ ಡಿಸೆಂಬರಿಗೆ. ವರ್ಷ ಮುಗಿದ ಮೇಲೆ, ಸಾಮಾನ್ಯವಾಗಿ ಏಪ್ರಿಲ್ 15ರೊಳಗೆ, ರಿಟರ್ನ್ ಸಲ್ಲಿಸಬೇಕು. ಹೆಚ್ಚಾಗಿ ಹಿಡಿದಿದ್ದರೆ ಸರ್ಕಾರ ಮರಳಿಸುತ್ತದೆ. ಈಚಿನ ವರ್ಷಗಳಲ್ಲಿ ಇಂಥ ಮರುಪಾವತಿಯ ಸರಾಸರಿ ಮೊತ್ತ ಸುಮಾರು 3,000 ಡಾಲರು. ಇದಲ್ಲದೆ ಕಡಿಮೆ ಕೂಲಿಗೆ ದುಡಿಯುವ ಕುಟುಂಬಗಳಿಗಾಗಿ 1975ರಲ್ಲಿ ಆ ದೇಶ ಒಂದು ವಿಶೇಷ ರಿಯಾಯಿತಿಯನ್ನು ತಂದಿತು. ತೆರಿಗೆಯೇ ಬಾಕಿ ಇಲ್ಲದಿದ್ದರೂ ದುಡಿದ ಆದಾಯಕ್ಕೂ ಮಕ್ಕಳ ಸಂಖ್ಯೆಗೂ ತಕ್ಕಂತೆ ಸರ್ಕಾರವೇ ಹಣ ಕೊಡುವ ಯೋಜನೆ ಅದು. ಮೂವರು ಅಥವಾ ಹೆಚ್ಚು ಮಕ್ಕಳಿರುವ ಮನೆಗೆ 2024ನೆಯ ತೆರಿಗೆಯ ವರ್ಷದಲ್ಲಿ ಗರಿಷ್ಠ 7,830 ಡಾಲರು ದೊರೆಯುವಂತಿತ್ತು. ಆಸ್ಪತ್ರೆಯ ನೆಲ ಒರೆಸುವ ಹೆಂಗಸಿಗೆ, ಹೋಟೆಲಿನ ಪಾತ್ರೆ ತೊಳೆಯುವವನಿಗೆ, ವರ್ಷದಲ್ಲಿ ಒಮ್ಮೆ ಕೈಗೆ ಬರುವ ದೊಡ್ಡ ಗಂಟೆಂದರೆ ಇದೊಂದೇ.

ಅಲ್ಲಿಯ ತೆರಿಗೆಯ ನಮೂನೆಗಳು ಜಟಿಲ. ಓದುಬರಹ ಬಲ್ಲವರೂ ದುಡ್ಡು ಕೊಟ್ಟು ಇನ್ನೊಬ್ಬರಿಂದ ತುಂಬಿಸುತ್ತಾರೆ. ಇದಕ್ಕೆಂದೇ ದೇಶವ್ಯಾಪಿ ಸಂಸ್ಥೆಗಳಿವೆ. ಅವುಗಳಲ್ಲಿ ಹೆಸರಾದ ಎಚ್ ಅಂಡ್ ಆರ್ ಬ್ಲಾಕ್ ಸಂಸ್ಥೆ 1955ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಆರಂಭವಾದುದು. ರಿಟರ್ನನ್ನು ವಿದ್ಯುನ್ಮಾನದ ಮೂಲಕ ಕಳುಹಿಸುವ ಕ್ರಮ 1986ರಲ್ಲಿ ಪ್ರಯೋಗವಾಗಿ ತೊಡಗಿ 1990ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಅದರೊಂದಿಗೆ ಈ ಸಾಲವೂ ಹಬ್ಬಿತು. ರಿಟರ್ನ್ ತುಂಬಿಸಿದ ಅಂಗಡಿಯಲ್ಲೇ ಕೇಳುತ್ತಿದ್ದರು: ಹಣ ಎರಡು ವಾರ ಬಿಟ್ಟು ಬೇಕೋ, ಇಂದೇ ಬೇಕೋ? ಇಂದೇ ಎಂದವನಿಗೆ ಒಂದು ಬ್ಯಾಂಕು ಸಾಲ ಕೊಡುತ್ತಿತ್ತು. ಸರ್ಕಾರದ ಹಣ ಅವನ ಕೈಗೆ ಬಾರದೆ ಬ್ಯಾಂಕು ತೆರೆದ ತಾತ್ಕಾಲಿಕ ಖಾತೆಗೆ ನೇರವಾಗಿ ಹೋಗುತ್ತಿತ್ತು. ಅಸಲು, ಸಾಲದ ಶುಲ್ಕ, ರಿಟರ್ನ್ ತುಂಬಿದ ಕೂಲಿ, ಕಾಗದಪತ್ರದ ಖರ್ಚು ಎಲ್ಲವೂ ಅಲ್ಲಿಯೇ ಮುರಿದುಕೊಂಡು ಲೆಕ್ಕ ಚುಕ್ತಾ.

ಈಗ ಬಡ್ಡಿಯ ದರವನ್ನು ನೋಡೋಣ. ಉದಾಹರಣೆಗೆ 3,000 ಡಾಲರಿನ ಸಾಲಕ್ಕೆ 100 ಡಾಲರು ಶುಲ್ಕ, ಅವಧಿ ಹತ್ತು ದಿನ ಎಂದಿಟ್ಟುಕೊಳ್ಳೋಣ. ಕೇಳುವುದಕ್ಕೆ ನೂರಕ್ಕೆ ಮೂರು ಚಿಲ್ಲರೆ, ಅಲ್ಪವೆಂದೇ ತೋರುತ್ತದೆ. ಆದರೆ ಅದು ಹತ್ತು ದಿನಕ್ಕೆ. ತಿಂಗಳ ಲೆಕ್ಕದಲ್ಲಿ ನೂರಕ್ಕೆ ಹತ್ತು. ವರ್ಷದ ಲೆಕ್ಕದಲ್ಲಿ ಶೇಕಡಾ 120ಕ್ಕೂ ಮೇಲೆ. ಸಾಲ ಸಣ್ಣದಾದಷ್ಟೂ ದರ ಏರುತ್ತದೆ. 500 ಡಾಲರಿಗೆ 30 ಡಾಲರು ಕೊಟ್ಟವನು ತಿಂಗಳಿಗೆ ನೂರಕ್ಕೆ ಹದಿನೆಂಟರಂತೆ ತೆತ್ತಂತಾಯಿತು. ಈ ಸಾಲಗಳ ವಾರ್ಷಿಕ ದರ ಶೇಕಡಾ 40ರಿಂದ 700ರವರೆಗೂ ಹೋಗುತ್ತಿದ್ದುದನ್ನು ಅಲ್ಲಿಯ ಗ್ರಾಹಕ ಸಂಘಟನೆಗಳು ಲೆಕ್ಕ ಹಾಕಿ ತೋರಿಸಿದ್ದುಂಟು.

ನಮ್ಮ ಪ್ರಾಚೀನರು ಬಡ್ಡಿಯನ್ನು ಸಾರಾಸಗಟಾಗಿ ನಿಷೇಧಿಸಿದವರಲ್ಲ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಒಂದೂಕಾಲು, ವಸಿಷ್ಠರು ವಿಧಿಸಿದ ದರವೆಂದು ಮನುಸ್ಮೃತಿ ಹೇಳುತ್ತದೆ. ಕೌಟಿಲ್ಯನೂ ಧರ್ಮ್ಯವಾದ ದರ ಅದೇ ಎನ್ನುತ್ತಾನೆ. ಆದರೆ ಆತ ಅಲ್ಲಿಗೇ ನಿಲ್ಲದೆ ಮುಂದಿನ ಮೆಟ್ಟಿಲುಗಳನ್ನೂ ಹೇಳುತ್ತಾನೆ. ವ್ಯಾಪಾರದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದು. ಕಾಡುದಾರಿಯಲ್ಲಿ ಸರಕು ಸಾಗಿಸುವವರಿಗೆ ಹತ್ತು. ಸಮುದ್ರಯಾನ ಮಾಡುವವರಿಗೆ ಇಪ್ಪತ್ತು. ಈ ಏರಿಕೆಯ ಹಿಂದಿರುವ ಯುಕ್ತಿ ಸ್ಪಷ್ಟ. ಕಾಡಿನಲ್ಲಿ ಕಳ್ಳರು, ಕಡಲಿನಲ್ಲಿ ಬಿರುಗಾಳಿ. ಹಣ ಮರಳಿ ಬರುವ ಭರವಸೆ ಕಡಿಮೆಯಾದಂತೆ ಬಡ್ಡಿ ಹೆಚ್ಚು. ಮೇಲಿನ ಉದಾಹರಣೆಯಲ್ಲಿ 3,000 ಡಾಲರು ಪಡೆದವನು ಕೊಟ್ಟದ್ದು ಸರಿಯಾಗಿ ಕಾಡುದಾರಿಯ ದರ. 500 ಡಾಲರು ಪಡೆದವನು ಹೆಚ್ಚುಕಡಿಮೆ ಸಮುದ್ರದ ದರ. ಸರ್ಕಾರದ ಬೊಕ್ಕಸದಿಂದ ಬ್ಯಾಂಕಿನ ಖಾತೆಗೆ ಬರುವ ಹಣಕ್ಕೆ ನಡುವೆ ಯಾವ ಕಾಡು, ಯಾವ ಕಡಲು?

ಇಲ್ಲಿ ಪೂರ್ವಪಕ್ಷವನ್ನೂ ನ್ಯಾಯವಾಗಿ ಮಂಡಿಸಬೇಕು. ಎದುರಾಳಿಯ ವಾದವನ್ನು ದುರ್ಬಲವಾಗಿ ಹೇಳಿ ಗೆಲ್ಲುವುದು ವಿಚಾರವಂತರ ಲಕ್ಷಣವಲ್ಲ. ಸಾಲ ಕೊಟ್ಟವರು ಹೇಳುವುದು ಹೀಗೆ: ಒಂದು, ಯಾರನ್ನೂ ಬಲಾತ್ಕರಿಸಿಲ್ಲ, ಎರಡು ವಾರ ಕಾಯುವ ಮಾರ್ಗ ಎಲ್ಲರಿಗೂ ತೆರೆದಿತ್ತು. ಎರಡು, ಬಡವನ ಅವಸರ ನಿಜವಾದ ಅವಸರ. ಫೆಬ್ರವರಿಯ ಹಿಮದಲ್ಲಿ ಮನೆ ಬೆಚ್ಚಗಿಡುವ ಇಂಧನದ ಬಿಲ್ಲು, ಎರಡು ತಿಂಗಳ ಬಾಡಿಗೆಯ ಬಾಕಿ, ಕೆಲಸಕ್ಕೆ ಹೋಗಲು ಬೇಕಾದ ಕಾರಿನ ದುರಸ್ತಿ ಹತ್ತು ದಿನ ಕಾಯುವುದಿಲ್ಲ. ಮೂರು, ಸಣ್ಣ ಸಾಲಕ್ಕೂ ದೊಡ್ಡ ಸಾಲಕ್ಕೂ ಕಾಗದಪತ್ರದ ಖರ್ಚು ಒಂದೇ. ಜೊತೆಗೆ ಸರ್ಕಾರ ಮರುಪಾವತಿಯನ್ನು ತಡೆಹಿಡಿಯುವ ಸಂಭವವೂ ಉಂಟು. ನಾಲ್ಕು, ನಿಮ್ಮ ಸ್ಮೃತಿಗಳೇ ಹೇಳುವಂತೆ ಬಡ್ಡಿ ಅಸಲನ್ನು ಮೀರಬಾರದು, ಒಟ್ಟು ಎರಡರಷ್ಟರೊಳಗೇ ಇರಬೇಕು. ಮುಂಬಯಿಯಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ದಾಮದುಪ್ಪಟ್ ಎಂಬ ಹೆಸರಿನಲ್ಲಿ ಆ ನಿಯಮವನ್ನು ಮನ್ನಿಸಿದವು. ಮೂರು ಸಾವಿರಕ್ಕೆ ನೂರು ತೆಗೆದುಕೊಂಡವನು ಆ ಮೇರೆಯನ್ನು ಎಲ್ಲಿ ಮೀರಿದನು?

ಕಡೆಯ ಆಕ್ಷೇಪಕ್ಕೆ ಮೊದಲು ಉತ್ತರ ಹೇಳಬಹುದು. ಎರಡರಷ್ಟರ ಮೇರೆ ವರ್ಷಗಟ್ಟಲೆ ತೀರಿಸಲಾಗದೆ ಸೊರಗುವ ಸಾಲಿಗನನ್ನು ಕಾಪಾಡಲು ಹಾಕಿದ ಬೇಲಿ. ಹತ್ತು ದಿನದ ಸಾಲ ಆ ಬೇಲಿಯ ಬಳಿಗೇ ಬರುವುದಿಲ್ಲ. ಅಲ್ಪಾವಧಿಯ ಸಾಲಕ್ಕೆ ಅಳತೆಗೋಲು ತಿಂಗಳ ದರವೇ. ಅದಕ್ಕಾಗಿಯೇ ಸ್ಮೃತಿಕಾರರು ಎರಡನ್ನೂ ಬೇರೆಬೇರೆಯಾಗಿ ಹೇಳಿದ್ದು. ಒಂದು ನಿಯಮವನ್ನು ಪಾಲಿಸಿದೆನೆಂದು ಇನ್ನೊಂದನ್ನು ಮುರಿಯಲು ಅಧಿಕಾರ ಬರುವುದಿಲ್ಲ.

ಇನ್ನು ಒಪ್ಪಿಗೆಯ ಮಾತು. ಒಪ್ಪಿಗೆಗೆ ತಿಳಿವಳಿಕೆ ಮೂಲ. ಏನನ್ನು ಒಪ್ಪುತ್ತಿದ್ದೇನೆಂದು ತಿಳಿಯದವನ ಒಪ್ಪಿಗೆ ಹೆಬ್ಬೆರಳಿನ ಗುರುತು ಮಾತ್ರ. ಈ ಸಾಲದ ಹೆಸರೇ ತಿಳಿವಳಿಕೆಗೆ ಅಡ್ಡವಾಗಿತ್ತು ಎಂಬುದಕ್ಕೆ ಹಳೆಯದೊಂದು ನಿದರ್ಶನವಿದೆ. ಬೆನಿಫಿಷಿಯಲ್ ಎಂಬ ಸಾಲದ ಕಂಪನಿ ರಿಟರ್ನ್ ತುಂಬುವ ಕೆಲಸವನ್ನೂ ಮಾಡುತ್ತಿತ್ತು. ಅದು ‘ತತ್‌ಕ್ಷಣದ ತೆರಿಗೆ ಮರುಪಾವತಿ’ ಎಂಬ ಅರ್ಥದ ಘೋಷಣೆಯೊಂದಿಗೆ ಜಾಹೀರಾತು ನೀಡಿತು. ವಾಸ್ತವದಲ್ಲಿ ಅದು ಕೊಡುತ್ತಿದ್ದುದು ತನ್ನ ಎಂದಿನ ಸಾಲವನ್ನೇ. ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ ಇದು ಜನರನ್ನು ತಪ್ಪುದಾರಿಗೆಳೆಯುವ ಮಾತೆಂದು ತೀರ್ಮಾನಿಸಿ ಆ ಪದಗಳ ಬಳಕೆಯನ್ನೇ ನಿಷೇಧಿಸಿತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಜಾಹೀರಾತು ತಪ್ಪುದಾರಿಗೆಳೆಯುವಂಥದೇ ಎಂದು ಒಪ್ಪಿತು. ಆದರೆ ತಕ್ಕ ವಿವರಣೆಯನ್ನು ಜೊತೆಗೆ ಸೇರಿಸಿ ದೋಷವನ್ನು ಪರಿಹರಿಸಬಹುದಾದರೆ ಆ ಪದಗಳನ್ನೇ ಪೂರ್ತಿಯಾಗಿ ಅಳಿಸಬೇಕೆಂಬ ಆಜ್ಞೆ ಅಗತ್ಯಕ್ಕಿಂತ ಹೆಚ್ಚಿನದೆಂದಿತು.

ವಾಕ್ಸ್ವಾತಂತ್ರ್ಯವನ್ನು ಕಾಯುವ ನ್ಯಾಯಾಲಯದ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಧರ್ಮದ ದೃಷ್ಟಿ ಅದಕ್ಕಿಂತ ಸೂಕ್ಷ್ಮ. ಯೋಗಸೂತ್ರದ ವ್ಯಾಸಭಾಷ್ಯದಲ್ಲಿ ಸತ್ಯದ ವಿಚಾರ ಬಂದಾಗ ಮಾತಿಗೆ ಮೂರು ದೋಷಗಳನ್ನು ಎಣಿಸಿದ್ದಾರೆ. ಕೇಳುವವನನ್ನು ವಂಚಿಸುವುದು, ಭ್ರಾಂತಿಯಿಂದ ಕೂಡಿರುವುದು, ಕೇಳುವವನಿಗೆ ಅರ್ಥವೇ ಆಗದಂತಿರುವುದು. ದೊಡ್ಡ ಅಕ್ಷರದ ‘ಮರುಪಾವತಿ’ ಮೊದಲನೆಯ ದೋಷಕ್ಕೂ, ಕೆಳಗೆ ಇರುವೆಸಾಲಿನಂತೆ ಅಚ್ಚಾದ ಕರಾರುಗಳು ಮೂರನೆಯ ದೋಷಕ್ಕೂ ಉದಾಹರಣೆಗಳು. ಧರ್ಮರಾಯನು ರಣರಂಗದಲ್ಲಿ ಅಶ್ವತ್ಥಾಮನು ಹತನಾದನೆಂಬುದನ್ನು ಗಟ್ಟಿಯಾಗಿ ನುಡಿದು, ಆನೆ ಎಂಬುದನ್ನು ಮೆಲ್ಲಗೆ ನುಡಿದನು. ಅಕ್ಷರಶಃ ನೋಡಿದರೆ ಅವನ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ಸಾಲ ಎಂಬ ಶಬ್ದವನ್ನು ಮೆಲ್ಲಗೆ ಹೇಳುವ ಜಾಹೀರಾತಿನ ಕಥೆಯೂ ಇಷ್ಟೇ. ಎಲ್ಲವನ್ನೂ ಹೇಳಿದ್ದೇವೆ ಎನ್ನುವವನು ಹೇಳಿದ್ದನ್ನು ಕೇಳಿಸಿಯೂ ಇದ್ದಾನೆಯೇ ಎಂಬುದೇ ಪ್ರಶ್ನೆ.

ಎರಡನೆಯದು ಅವಸರ. ಬಡವನ ಅವಸರ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವ ಹಕ್ಕು ತುಂಬಿದ ಹೊಟ್ಟೆಯವರಿಗಿಲ್ಲ. ಆದರೆ ಅವಸರ ಹೆಚ್ಚಿದಷ್ಟೂ ಬೆಲೆ ಹೆಚ್ಚಿಸುವುದು ಸರಿಯೇ? ಬಾಯಾರಿ ಬಂದವನ ಗಂಟಲು ಒಣಗಿದ್ದನ್ನು ನೋಡಿ ನೀರಿನ ಬೆಲೆ ಏರಿಸುವುದನ್ನು ಯಾವ ನಾಡಿನಲ್ಲೂ ವ್ಯಾಪಾರವೆಂದು ಗೌರವಿಸುವುದಿಲ್ಲ. ಈ ಸಾಲ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಆಗಲೇ ಹೇಳಿದ ಬಡ ದುಡಿಮೆಗಾರರ ರಿಯಾಯಿತಿಗೆ ಅರ್ಹರಾದವರು. ಮಕ್ಕಳ ಅನ್ನಕ್ಕೆಂದು ಪ್ರಜೆಗಳೆಲ್ಲರ ತೆರಿಗೆಯಿಂದ ಎತ್ತಿಟ್ಟ ಹಣದ ಒಂದು ಪಾಲು ಹೀಗೆ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಈ ವಿಷಯದಲ್ಲಿ ಅಮೆರಿಕಾದ ಶಾಸನಸಭೆಯೇ ಒಂದು ಮಾತನ್ನು ಪರೋಕ್ಷವಾಗಿ ಒಪ್ಪಿಕೊಂಡಿದೆ. ಸೈನಿಕರಿಗೂ ಅವರ ಕುಟುಂಬದವರಿಗೂ ಕೊಡುವ ಇಂಥ ಸಾಲಗಳ ವಾರ್ಷಿಕ ದರ ಶೇಕಡಾ 36ನ್ನು ಮೀರಬಾರದೆಂದು 2006ರಲ್ಲಿ ಶಾಸನವಾಯಿತು. 2007ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮಗಳಲ್ಲಿ ತೆರಿಗೆ ಮರುಪಾವತಿಯ ಸಾಲವನ್ನೂ ಸೇರಿಸಿದರು. ಸಾಲದಲ್ಲಿ ಮುಳುಗಿದ ಸೈನಿಕನ ಮನಸ್ಸು ಕರ್ತವ್ಯದಲ್ಲಿ ನಿಲ್ಲದೆಂಬುದು ಕಾರಣ. ಕಾರಣ ಯುಕ್ತವಾಗಿದೆ. ಆದರೆ ಸೈನಿಕನಿಗೆ ಕೇಡು ಮಾಡುವ ಸಾಲ ಆಸ್ಪತ್ರೆಯ ಆಳಿಗೆ ಹಿತವಾಗುವುದು ಹೇಗೆ? ಒಂದೇ ವಿಷವನ್ನು ಒಬ್ಬನಿಗೆ ನಿಷೇಧಿಸಿ ಇನ್ನೊಬ್ಬನಿಗೆ ಅವನ ಇಷ್ಟಕ್ಕೆ ಬಿಡುವುದಾದರೆ, ಇಷ್ಟ ಎಂಬ ಶಬ್ದಕ್ಕೆ ಅರ್ಥವೇನು?

ಮೂರನೆಯದು ಅಪಾಯದ ವಾದ. ಮರುಪಾವತಿ ತಡೆಹಿಡಿಯಲ್ಪಡಲು ಮುಖ್ಯ ಕಾರಣ, ತೆರಿಗೆದಾರನು ಬೇರೆ ಸರ್ಕಾರಿ ಬಾಕಿಗಳನ್ನೋ ಮಕ್ಕಳ ಪೋಷಣೆಯ ಬಾಕಿಯನ್ನೋ ಉಳಿಸಿಕೊಂಡಿರುವುದು. ಅಂಥ ಬಾಕಿ ಇದೆಯೇ ಇಲ್ಲವೇ ಎಂಬುದನ್ನು ತೆರಿಗೆ ಇಲಾಖೆಯೇ ರಿಟರ್ನ್ ಸೇರಿದ ಕೂಡಲೆ ಒಂದು ಸೂಚನೆಯ ಮೂಲಕ ತಿಳಿಸುತ್ತಿತ್ತು. ಅಪಾಯವನ್ನು ಅಳೆದು ಕೊಡುವ ಕೆಲಸ ಸರ್ಕಾರದ್ದು, ಅಪಾಯದ ಹೆಸರಿನಲ್ಲಿ ಬಡ್ಡಿ ಬ್ಯಾಂಕಿನದು. ಮೋಸದ ರಿಟರ್ನುಗಳು ಹೆಚ್ಚಿದಾಗ 1995ರಲ್ಲಿ ಈ ಸೂಚನೆಯನ್ನು ನಿಲ್ಲಿಸಿ ಕೆಲವು ವರ್ಷಗಳ ಮೇಲೆ ಮತ್ತೆ ಆರಂಭಿಸಿದರು. 2010ರ ಆಗಸ್ಟಿನಲ್ಲಿ ಇನ್ನು ಮುಂದೆ ಕೊಡುವುದಿಲ್ಲವೆಂದು ಇಲಾಖೆ ಪ್ರಕಟಿಸಿತು. ಆಮೇಲೆ ನಡೆದದ್ದು ಬೋಧಪ್ರದವಾಗಿದೆ. ಆ ಸೂಚನೆಯಿಲ್ಲದೆ ಇಂಥ ಸಾಲ ಸುರಕ್ಷಿತವಲ್ಲವೆಂದು ಬ್ಯಾಂಕುಗಳ ನಿಯಂತ್ರಕರು ಪಟ್ಟು ಹಿಡಿದರು. ಒಂದೊಂದಾಗಿ ಬ್ಯಾಂಕುಗಳು ಹಿಂದೆಗೆದವು. 2012ರ ಏಪ್ರಿಲಿಗೆ ಹಳೆಯ ಮಾದರಿಯ ಸಾಲ ಕೊಡುತ್ತಿದ್ದ ಕಡೆಯ ಬ್ಯಾಂಕೂ ನಿಲ್ಲಿಸಿತು. ಅಪಾಯ ನಿಜವಾಗಿ ತಲೆದೋರಿದ ದಿನವೇ ಧನಿಕರು ಕಾಲ್ತೆಗೆದರೆಂದರೆ, ಅದಕ್ಕೆ ಮೊದಲು ಅಷ್ಟೂ ವರ್ಷ ಪಡೆದ ಬಡ್ಡಿ ಯಾವ ಅಪಾಯಕ್ಕೆ?

ಇಷ್ಟೇ ಅಲ್ಲ. ಮರುಪಾವತಿ ಬಾರದೆ ಹೋದರೆ ಅಥವಾ ಕಡಿಮೆ ಬಂದರೆ ಆ ನಷ್ಟ ಬ್ಯಾಂಕಿಗಲ್ಲ, ಸಾಲಿಗನಿಗೆ. ಉಳಿದ ಸಾಲಕ್ಕೆ ಅವನೇ ಹೊಣೆ. ಮರುವರ್ಷ ಅವನು ಬೇರೊಂದು ಅಂಗಡಿಗೆ ಹೋದರೆ, ಆ ಅಂಗಡಿಯ ಬ್ಯಾಂಕು ಹಿಂದಿನ ಬ್ಯಾಂಕಿನ ಬಾಕಿಯನ್ನು ಅವನ ಹೊಸ ಮರುಪಾವತಿಯಿಂದ ಮುರಿದುಕೊಳ್ಳುವ ಏರ್ಪಾಟೂ ಇತ್ತು. ಈ ಪದ್ಧತಿಯೇ ಮೊದಲಾದ ಆರೋಪಗಳ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯದ ಅಟಾರ್ನಿ ಜನರಲ್ 2006ರಲ್ಲಿ ಎಚ್ ಅಂಡ್ ಆರ್ ಬ್ಲಾಕ್ ಸಂಸ್ಥೆಯ ಮೇಲೆ ದಾವೆ ಹೂಡಿದರು. ಅದು ಮುಂದೆ ರಾಜಿಯಲ್ಲಿ ಮುಗಿಯಿತು. ಬೃಹಸ್ಪತಿಸ್ಮೃತಿಯಲ್ಲಿ ಶಿಖಾವೃದ್ಧಿ ಎಂಬ ಬಡ್ಡಿಯ ಮಾತು ಬರುತ್ತದೆ. ತಲೆಯ ಕೂದಲಿನಂತೆ ದಿನದಿನವೂ ಬೆಳೆಯುವುದು, ತಲೆ ಹೋದಲ್ಲದೆ, ಅಂದರೆ ಅಸಲು ತೀರಿದಲ್ಲದೆ, ನಿಲ್ಲದಿರುವುದು ಎಂದು ಅದರ ವರ್ಣನೆ. ಹತ್ತೇ ದಿನದ್ದೆಂದು ಪಡೆದ ಸಾಲ ಮರುವರ್ಷ ಬೇರೊಂದು ಅಂಗಡಿಯ ಕಟ್ಟೆಯ ಮೇಲೆ ಎದುರಾದಾಗ ಆ ಸಾಲಿಗನಿಗೆ ಬೃಹಸ್ಪತಿಯ ಉಪಮೆ ಚೆನ್ನಾಗಿ ಅರ್ಥವಾಗಿರಬೇಕು.

ನಾಲ್ಕನೆಯ ಅಂಶವನ್ನು ಪೂರ್ವಪಕ್ಷದವರು ಎತ್ತುವುದೇ ಇಲ್ಲ; ಆದರೆ ವಿಚಾರದ ಮರ್ಮ ಅಲ್ಲಿದೆ. ರಿಟರ್ನ್ ತುಂಬುವವನ ಮುಂದೆ ಮನುಷ್ಯನು ತನ್ನ ಸಂಸಾರದ ಗುಟ್ಟನ್ನೆಲ್ಲ ಬಿಚ್ಚಿಡುತ್ತಾನೆ. ಸಂಬಳ, ಸಾಲ, ಮಕ್ಕಳ ವಯಸ್ಸು, ಗಂಡಹೆಂಡಿರು ಒಟ್ಟಿಗಿದ್ದಾರೆಯೇ ಎಂಬುದು ಎಲ್ಲವೂ ಅವನಿಗೆ ಗೊತ್ತು. ವೈದ್ಯನಂತೆ ಅವನೂ ವಿಶ್ವಾಸಕ್ಕೆ ಪಾತ್ರನಾದ ಸಲಹೆಗಾರ. ಆ ಸಲಹೆಗಾರನೇ ಸಾಲದ ದಲಾಲಿಯೂ ಆದರೆ ಅವನ ಸಲಹೆ ಯಾರ ಹಿತಕ್ಕೆ? ಮನೆಯ ಗುಟ್ಟು ತಿಳಿದವನು ಆ ಗುಟ್ಟನ್ನೇ ಬಂಡವಾಳ ಮಾಡಿಕೊಂಡರೆ ಅದಕ್ಕೆ ವಿಶ್ವಾಸಘಾತವೆಂಬ ಹೆಸರಲ್ಲದೆ ಬೇರೆ ಹೆಸರಿಲ್ಲ. ಮರುಪಾವತಿ ದೊಡ್ಡದಾದಷ್ಟೂ ತನಗೆ ಲಾಭವೆಂದಾದಾಗ ಸುಳ್ಳು ಲೆಕ್ಕ ತುಂಬುವ ಪ್ರಲೋಭನೆಯೂ ಬೆಳೆಯುತ್ತದೆ. ಒಹಾಯೊ ರಾಜ್ಯದಲ್ಲಿ ಕೇಂದ್ರಸ್ಥಾನವಿದ್ದ ಇಂಥ ದೊಡ್ಡ ಸಂಸ್ಥೆಯೊಂದನ್ನು ಮೋಸದ ಸಾಲ ಮತ್ತು ಸುಳ್ಳು ರಿಟರ್ನುಗಳ ಕಾರಣಕ್ಕೆ 2013ರ ನವೆಂಬರಿನಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯ ಬಾಗಿಲು ಮುಚ್ಚಿಸಿತು. ಅವರ ದೇಶದ ಮಾತೆಂದು ನಾವು ಹಾಯಾಗಿ ಕೂರುವಂತಿಲ್ಲ. ಸಂಬಳದಾರರ ಹೆಸರಿನಲ್ಲಿ ಇಲ್ಲದ ವಿನಾಯಿತಿಗಳನ್ನು ತೋರಿಸಿ, ಬಂದ ಮರುಪಾವತಿಯಲ್ಲಿ ಪಾಲು ಪಡೆಯುವ ಮಧ್ಯವರ್ತಿಗಳು ನಮ್ಮ ನಗರಗಳಲ್ಲೂ ಇದ್ದಾರೆ. 2025ರ ಜುಲೈಯಲ್ಲಿ ನಮ್ಮ ಆದಾಯ ತೆರಿಗೆ ಇಲಾಖೆ ಅಂಥವರನ್ನು ಗುರಿಯಾಗಿಟ್ಟುಕೊಂಡು ದೇಶದ ಹಲವೆಡೆ ತಪಾಸಣೆ ನಡೆಸಿತು.

ಹಾಗೆಂದು ಎಲ್ಲ ದೋಷವನ್ನೂ ಧನಿಕನ ಮೇಲೆ ಹೊರಿಸಿದರೆ ವಿಚಾರ ಅಪೂರ್ಣವಾಗುತ್ತದೆ. ಬಡ್ಡಿಯವನು ನಿಲ್ಲುವುದು ಹಣ ತಡವಾಗುವ ಬಾಗಿಲಿನಲ್ಲಿ. 1929ರಿಂದ 1931ರವರೆಗೆ ನಮ್ಮ ದೇಶದ ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿದ ರಾಯಲ್ ಕಮಿಷನ್, ಸಂಬಳದ ದಿನ ಕಾರ್ಖಾನೆಗಳ ಬಾಗಿಲಲ್ಲಿ ದೊಣ್ಣೆ ಹಿಡಿದು ಕಾಯುವ ಲೇವಾದೇವಿಗಾರರ ವಿಷಯವನ್ನು ದಾಖಲಿಸಿ, ಹಾಗೆ ಮುತ್ತುವುದನ್ನು ಅಪರಾಧವೆಂದು ಸಾರಬೇಕೆಂದು ಶಿಫಾರಸು ಮಾಡಿತು. 1936ರ ವೇತನ ಪಾವತಿ ಅಧಿನಿಯಮ ಬಂದುದು ಆ ಕಾಲದ ವಿಚಾರಗಳ ಫಲವಾಗಿಯೇ. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ, ಹೆಚ್ಚಿರುವಲ್ಲಿ ಹತ್ತರೊಳಗೆ, ಸಂಬಳ ಕೊಡಲೇಬೇಕೆಂದು ಅದು ವಿಧಿಸಿತು. ರೈಲ್ವೆಗಳಿಗೂ ಅದು ಅನ್ವಯಿಸಿತು.

ಈ ಲೇಖಕನು ಮೂರು ದಶಕಗಳಿಗೂ ಮೀರಿ ರೈಲ್ವೆ ಸೇವೆಯಲ್ಲಿದ್ದವನು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳು ತಮ್ಮ ಪಾಸ್‌ಬುಕ್ಕನ್ನೂ, ಮುಂದೆ ಎ.ಟಿ.ಎಂ. ಕಾರ್ಡನ್ನೂ ಬಡ್ಡಿಯವನ ಕೈಗೊಪ್ಪಿಸಿ ತಮ್ಮ ಸಂಬಳವನ್ನು ಅವನಿಂದಲೇ ಬೇಡಿ ಪಡೆಯುತ್ತಿದ್ದುದು ನನಗೆ ತಿಳಿದ ಸಂಗತಿ. ಅವರಿಗೆ ಉಪದೇಶದಿಂದ ಆದ ಉಪಕಾರ ಅಲ್ಪ. ಸಂಬಳ ನಿಗದಿತ ದಿನಕ್ಕೆ ಬರತೊಡಗಿದುದು, ನೌಕರರದೇ ಸಹಕಾರ ಪತ್ತಿನ ಸಂಘ ಮಗಳ ಮದುವೆಗೆ, ಮನೆಯ ರೋಗಕ್ಕೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಟ್ಟದ್ದು, ಇವೆರಡರಿಂದ ಆದ ಉಪಕಾರ ದೊಡ್ಡದು. ಬಡ್ಡಿಯವನು ಪೂರ್ತಿ ಮಾಯವಾಗಲಿಲ್ಲ. ಆದರೆ ಅವನ ದೊಣ್ಣೆ ಮೊಂಡಾಯಿತು.

ಅಮೆರಿಕಾದ ಸರ್ಕಾರವೂ ಇಲ್ಲಿ ವಿಚಾರಣೀಯವೇ. ವರ್ಷವಿಡೀ ಹೆಚ್ಚಾಗಿ ಹಿಡಿದ ತೆರಿಗೆಯೆಂದರೆ ಪ್ರಜೆ ರಾಜನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ. ಗಡುವಿನ ದಿನ ಕಳೆದು 45 ದಿನಗಳೊಳಗೆ ಮರಳಿಸಿದರೆ ಅಲ್ಲಿ ಸಾಮಾನ್ಯವಾಗಿ ಸರ್ಕಾರ ಬಡ್ಡಿ ಕೊಡಬೇಕಾಗಿಲ್ಲ. ಬಡ ದುಡಿಮೆಗಾರರ ರಿಯಾಯಿತಿಯ ಒಂದು ಭಾಗವನ್ನು ಸಂಬಳದೊಂದಿಗೇ ಕಂತುಕಂತಾಗಿ ಪಡೆಯುವ ಅವಕಾಶ 1979ರಿಂದ ಇತ್ತು. ಬಳಸಿಕೊಂಡವರು ಅತ್ಯಲ್ಪವಾದ್ದರಿಂದ 2010ರಲ್ಲಿ ಅದನ್ನು ರದ್ದುಪಡಿಸಿದರು. ವರ್ಷದ ಕೊನೆಯಲ್ಲಿ ಲೆಕ್ಕ ತಪ್ಪಿ ಮರಳಿ ಕೊಡಬೇಕಾದೀತೆಂಬ ಭಯ ಒಂದೆಡೆ; ಗಂಟಾಗಿ ಬಂದರೆ ಉಳಿದೀತು, ಚಿಲ್ಲರೆಯಾಗಿ ಬಂದರೆ ಕರಗೀತು ಎಂಬ ಎಣಿಕೆ ಇನ್ನೊಂದೆಡೆ. ಚೀಟಿ ಕಟ್ಟುವ ನಮ್ಮ ಗೃಹಿಣಿಯರಿಗೆ ಈ ಮನಸ್ಸು ಅಪರಿಚಿತವಲ್ಲ. ಮೋಸ ತಡೆಯಲೆಂದು 2015ರಲ್ಲಿ ಆದ ಇನ್ನೊಂದು ಶಾಸನದ ಪ್ರಕಾರ, 2017ರಿಂದ ಈ ರಿಯಾಯಿತಿಯುಳ್ಳ ಮರುಪಾವತಿಗಳನ್ನು ಫೆಬ್ರವರಿ 15ಕ್ಕೆ ಮೊದಲು ಬಿಡುಗಡೆ ಮಾಡುವುದಿಲ್ಲ. ಉದ್ದೇಶ ಒಳ್ಳೆಯದೇ, ಆದರೆ ಕಾಯುವಿಕೆ ಮತ್ತೆ ಬೆಳೆಯಿತು.

ಕಾಯುವಿಕೆ ಬೆಳೆದಲ್ಲಿ ಸಾಲವೂ ಮರಳಿ ಚಿಗುರಿತು. ಈಗ ರಿಟರ್ನ್ ತುಂಬುವ ದೊಡ್ಡ ಸಂಸ್ಥೆಗಳು ಬಡ್ಡಿಯನ್ನೂ ಶುಲ್ಕವನ್ನೂ ತೆಗೆದುಕೊಳ್ಳದೆ ಕೆಲವು ಸಾವಿರ ಡಾಲರುಗಳವರೆಗೆ ಮುಂಗಡ ಕೊಡುತ್ತವೆ. ಹಳೆಯದಕ್ಕೆ ಹೋಲಿಸಿದರೆ ಇದು ಬಹಳ ಮೇಲು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಆ ಮುಂಗಡ ಬೇಕಾದರೆ ರಿಟರ್ನನ್ನು ಅವರಲ್ಲೇ ಹಣ ಕೊಟ್ಟು ತುಂಬಿಸಬೇಕು. ಅದೇ ಕೆಲಸವನ್ನು ಕಡಿಮೆ ಆದಾಯದವರಿಗೆ ಉಚಿತವಾಗಿ ಮಾಡಿಕೊಡುವ, ತೆರಿಗೆ ಇಲಾಖೆಯ ಆಶ್ರಯದಲ್ಲೇ ನಡೆಯುವ ಸ್ವಯಂಸೇವಕರ ಕೇಂದ್ರಗಳು ಊರೂರಲ್ಲಿವೆ. ನಿವೃತ್ತರು, ವಿದ್ಯಾರ್ಥಿಗಳು ತರಬೇತಿ ಪಡೆದು ಅಲ್ಲಿ ಕೂತು ಬಡವರ ನಮೂನೆ ತುಂಬುತ್ತಾರೆ. ಒಬ್ಬ ಬಡವನ ನೂರು ಡಾಲರು ಉಳಿಸಿದ ಆ ಸ್ವಯಂಸೇವಕನು ನೂರು ಡಾಲರು ದಾನ ಕೊಟ್ಟವನಿಗಿಂತ ಕಡಿಮೆಯವನಲ್ಲ.

ಇಷ್ಟು ವಿಚಾರದಿಂದ ನಿಷ್ಪನ್ನವಾದ ಅರ್ಥವನ್ನು ಹೀಗೆ ಸಂಗ್ರಹಿಸಬಹುದು. ಬಡ್ಡಿ ತಾನಾಗಿ ಅಧರ್ಮವಲ್ಲ. ಪರರ ಹಣದ ಬಳಕೆಗೂ ಕೊಟ್ಟವನು ಹೊತ್ತ ಅಪಾಯಕ್ಕೂ ತಕ್ಕ ಪ್ರತಿಫಲವಾಗಿದ್ದಾಗ ಅದು ನ್ಯಾಯ. ಅಪಾಯ ಸಾಲಿಗನ ತಲೆಯ ಮೇಲೆಯೇ ಇದ್ದು, ಲಾಭ ಮಾತ್ರ ಧನಿಕನದಾದಾಗ ಅದು ನ್ಯಾಯದ ಮೇರೆಯನ್ನು ದಾಟುತ್ತದೆ. ಅಗ್ಗಕ್ಕೆ ಪಡೆದದ್ದನ್ನು ಇಲ್ಲದವನಿಗೆ ದುಬಾರಿಯಾಗಿ ಕೊಡುವವನನ್ನೇ ಧರ್ಮಸೂತ್ರಗಳು ವಾರ್ಧುಷಿಕನೆಂದು ಕರೆದು ಮಹಾಪಾತಕಿಯೊಂದಿಗೆ ತಕ್ಕಡಿಯಲ್ಲಿಟ್ಟು ತೂಗಿದ್ದು. ಒಪ್ಪಿಗೆ ಈ ದೋಷವನ್ನು ತೊಳೆಯಬೇಕಾದರೆ ಒಪ್ಪಿದವನಿಗೆ ತಿಳಿವಳಿಕೆ ಇರಬೇಕು, ಬೇರೆ ದಾರಿ ಇರಬೇಕು, ಸಲಹೆ ಕೊಟ್ಟವನಿಗೆ ಅದರಲ್ಲಿ ಗುಪ್ತ ಲಾಭವಿರಬಾರದು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಸಹಿ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ವಾಚಕರಲ್ಲಿ ಕೆಲವು ಮಾತು ಅರಿಕೆ. ವಿದೇಶದಲ್ಲಿರುವ ಮಕ್ಕಳಿಗೆ ಹೇಳಿರಿ: ಪ್ರತಿವರ್ಷ ದೊಡ್ಡ ಮರುಪಾವತಿ ಬರುತ್ತಿದ್ದರೆ ಅದು ಹಿಗ್ಗುವ ಸಂಗತಿಯಲ್ಲ, ಉದ್ಯೋಗದಾತರಿಗೆ ಹೊಸ ನಮೂನೆ ಕೊಟ್ಟು ಕಡಿತವನ್ನೇ ಸರಿಪಡಿಸಿಕೊಳ್ಳಬಹುದು. ಯಾರಾದರೂ ಇಂದೇ ಹಣ ಎಂದರೆ, ಇಂದು ಪಡೆದರೆ ಕೈಗೆಷ್ಟು, ಕಾದರೆ ಕೈಗೆಷ್ಟು ಎಂಬ ಎರಡೇ ಅಂಕಿಗಳನ್ನು ಬರೆಸಿಕೊಳ್ಳಲಿ. ನಮ್ಮ ಸಮಾಜದಲ್ಲಿ ಲೆಕ್ಕಪರಿಶೋಧಕರು ಅನೇಕರಿದ್ದಾರೆ. ತಮ್ಮ ಕೆಲಸದ ಫಲಿತಾಂಶದ ಮೇಲೆ ಶೇಕಡಾವಾರು ಶುಲ್ಕ ಪಡೆಯುವುದು, ನಿಯಮ ಒಪ್ಪಿದ ಕೆಲವು ಸಂದರ್ಭಗಳ ಹೊರತು, ಅವರ ವೃತ್ತಿಯ ಶಾಸನದಲ್ಲೇ ದುರ್ನಡತೆಯೆಂದು ಗಣಿತವಾಗಿದೆ. ಆ ನಿಯಮದ ಹಿಂದಿರುವ ವಿವೇಕವನ್ನು ಅವರಿಗೆ ನಾನು ಹೇಳಬೇಕಾದುದಿಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನಮ್ಮ ಕಟ್ಟಡದ ಕಾವಲುಗಾರನಿಗೆ, ಕಾರಿನ ಚಾಲಕನಿಗೆ, ಗುತ್ತಿಗೆಯ ಕೂಲಿಯಿಂದ ತೆರಿಗೆ ಕಡಿತವಾಗಿ ಅದನ್ನು ಮರಳಿ ಕೇಳಲು ತಿಳಿಯದ ಎಷ್ಟೋ ಮಂದಿಗೆ, ಜುಲೈ ತಿಂಗಳ ಒಂದು ಭಾನುವಾರ ಕೂತು ರಿಟರ್ನ್ ತುಂಬಿಕೊಟ್ಟರೆ ಅವರು ಮಧ್ಯವರ್ತಿಯ ಬಾಗಿಲಿಗೆ ಹೋಗುವುದು ತಪ್ಪೀತು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆ ವ್ಯವಹಾರದಲ್ಲಿ ವರ್ಷವಿಡೀ ಬೆವರು ಸುರಿಸಿ, ಬಡ್ಡಿಯಿಲ್ಲದೆ ತನ್ನ ಹಣವನ್ನು ರಾಜನ ಬಳಿ ಬಿಟ್ಟಿದ್ದ ಕೂಲಿಯವನೇ ನಿಜವಾದ ಉತ್ತಮರ್ಣ. ಅಂಗಡಿಯ ಕಟ್ಟೆಯ ಮೇಲೆ ಅವನ ಮುಂದಿಟ್ಟ ಕಾಗದದಲ್ಲಿ ಮಾತ್ರ ಅವನ ಹೆಸರು ಅಧಮರ್ಣರ ಜಾಗದಲ್ಲಿತ್ತು.